ಒಬ್ಬನೇ ಸದಸ್ಯನ ಕುಟುಂಬ

ಇಸ್ತ್ರಿಯಣ್ಣನಿಗೆ ಕಿಬ್ಬೊಟ್ಟೆಯ ಬಲಗಡೆ ಒಂದು ಉಬ್ಬು ಎದ್ದು ವರ್ಷದ ಮೇಲಾಗಿತ್ತು. ಮಲಗಿದರೆ ಒಳಗೆ ಹೋಗುತ್ತಿತ್ತು, ಎದ್ದರೆ ಹೊರಗೆ ಬರುತ್ತಿತ್ತು, ಕೆಮ್ಮಿದರಂತೂ ನಿಂಬೆಹಣ್ಣಿನ ಗಾತ್ರ. ದಿನಾ ಬೆಳಿಗ್ಗೆ ಅದನ್ನು ಒಳಗೆ ಒತ್ತಿ, ಮೇಲೆ ಹಳೆಯ ಬಟ್ಟೆಯೊಂದನ್ನು ಬಿಗಿಯಾಗಿ ಸುತ್ತಿಕೊಂಡು ಅಂಗಡಿ ತೆಗೆಯುತ್ತಿದ್ದ. ಅಂಗಡಿ ಅಂದರೇನು, ಮೆಟ್ಟಿಲ ಕೆಳಗಿನ ಒಂದು ಗೂಡು. ಒಂದು ಮೇಜು, ಅದರ ಮೇಲೆ ನಾಲ್ಕು ಮಡಿಕೆ ಹಾಕಿದ ಕಂಬಳಿ, ಇದ್ದಿಲು ತುಂಬುವ ಭಾರದ ಇಸ್ತ್ರಿ ಪೆಟ್ಟಿಗೆ. ಅದನ್ನು ಎತ್ತಿದಾಗಲೆಲ್ಲ ಜೀವ ಬಾಯಿಗೆ ಬಂದ ಹಾಗಾಗುತ್ತಿತ್ತು. ಆದರೂ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಬೀದಿಯ ಮನೆಮನೆಯ ಸಂಗತಿ ಅವನಿಗೆ ಬಟ್ಟೆಯಿಂದಲೇ ತಿಳಿಯುತ್ತಿತ್ತು. ಗಂಟು ಬಿಚ್ಚಿದರೆ ಸಾಕು, ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾರ ಮಗಳಿಗೆ ಕೆಲಸ ಸಿಕ್ಕಿದೆ, ಯಾರ ಗಂಡ ಊರಲ್ಲಿಲ್ಲ, ಎಲ್ಲ ಗೊತ್ತು. ಅವನ ಸಂಗತಿ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಜನ ಬರುತ್ತಿದ್ದರು, "ಸಂಜೆಗೆ ಬೇಕಣ್ಣ" ಎನ್ನುತ್ತಿದ್ದರು, ಹೋಗುತ್ತಿದ್ದರು. ಹೆಂಡತಿ ತೀರಿಕೊಂಡು ಹದಿನಾಲ್ಕು ವರ್ಷ, ಮಕ್ಕಳಿಲ್ಲ. ಅಂಗಡಿ ಮುಚ್ಚಿ ಮನೆ ಸೇರಿದರೆ ಮರುದಿನ ಮೊದಲ ಗಿರಾಕಿ ಬರುವ ತನಕ ಒಂದು ಮಾತಾಡುವ ಸಂದರ್ಭವೂ ಬರುತ್ತಿರಲಿಲ್ಲ. ಕೆಲವು ದಿನ ಬೆಳಿಗ್ಗೆ ಗಂಟಲೇ ಕಟ್ಟಿಕೊಂಡಿರುತ್ತಿತ್ತು. ನೆಗಡಿಯೇನಲ್ಲ, ಗಂಟಲಿಗೆ ಕೆಲಸವಿರಲಿಲ್ಲ ಅಷ್ಟೆ.

ಆರೋಗ್ಯ ಕೇಂದ್ರದಿಂದ ಮನೆಮನೆಗೆ ಬರುವ ಹೆಂಗಸೊಬ್ಬರಿದ್ದರು. ಬೀದಿಯವರೆಲ್ಲ ಅವರನ್ನು ಆರೋಗ್ಯದಕ್ಕ ಅಂತಲೇ ಕರೆಯುತ್ತಿದ್ದರು. ಒಂದು ಮಧ್ಯಾಹ್ನ ಅವರು ತಮ್ಮ ನೀಲಿ ಕೋಟು ತೆಗೆದುಕೊಂಡು ಹೋಗಲು ಬಂದಾಗ ಇಸ್ತ್ರಿಯಣ್ಣ ಮೇಜು ಹಿಡಿದುಕೊಂಡು ಬಗ್ಗಿ ನಿಂತಿದ್ದ. ಮುಖದಲ್ಲೆಲ್ಲ ಬೆವರು.

"ಏನಾಯ್ತಣ್ಣ?"

"ಏನಿಲ್ಲಕ್ಕ, ಕೆಂಡದ ಕಾವು."

"ಪೆಟ್ಟಿಗೆಯಲ್ಲಿ ಬರೀ ಬೂದಿ ಇದೆ. ನನ್ನ ಕಿವಿ ಮೇಲೆ ಹೂವಿಡಬೇಡಿ. ಎಲ್ಲಿ ನೋವು, ಹೇಳಿ."

ಅವರು ಬಿಡುವ ಪೈಕಿಯಲ್ಲ. ನಾಚಿಕೊಂಡು, ತಡವರಿಸಿಕೊಂಡು, ಅಂತೂ ಹೇಳಿದ. ಆರೋಗ್ಯದಕ್ಕ ಹಣೆ ಹಣೆ ಬಡಿದುಕೊಂಡರು.

"ವರ್ಷದಿಂದ ಬಟ್ಟೆ ಕಟ್ಕೊಂಡು ಓಡಾಡ್ತಿದ್ದೀರಾ? ಇದು ಹರ್ನಿಯಾ ಇದ್ದ ಹಾಗಿದೆ ಅಣ್ಣ. ಹೊಟ್ಟೆಯ ಗೋಡೆ ಸಡಿಲ ಆದ ಕಡೆ ಕರುಳು ಹೊರಗೆ ಇಣುಕುತ್ತೆ. ಇವತ್ತು ಒತ್ತಿದ್ರೆ ಒಳಗೆ ಹೋಗುತ್ತೆ. ಒಂದು ದಿನ ಹೋಗಲ್ಲ. ಅಲ್ಲೇ ಸಿಕ್ಕಿಕೊಂಡು, ರಕ್ತ ಓಡದೆ ಕರುಳು ಕೊಳೆಯೋಕೆ ಶುರುವಾದ್ರೆ ಜೀವಕ್ಕೇ ಸಂಚಕಾರ. ಡಾಕ್ಟರಿಗೆ ತೋರಿಸಲೇಬೇಕು, ಆಪರೇಷನ್ ಅಂದ್ರೆ ಮಾಡಿಸಲೇಬೇಕು."

"ಆಪರೇಷನ್ನಾ! ಅಯ್ಯೋ, ನಮ್ಮಂಥವರಿಗೆ ಆಗೋ ಮಾತಾ?"

"ಯಾಕಾಗಲ್ಲ? ಸರ್ಕಾರದ ಆರೋಗ್ಯ ವಿಮೆ ಇಲ್ವಾ? ಯೋಜನೆಗೆ ಸೇರಿದ ಆಸ್ಪತ್ರೇಲಿ ಕಾರ್ಡ್ ತೋರಿಸಿದ್ರೆ ಖರ್ಚು ಸರ್ಕಾರದ್ದು. ಎಲ್ಲಿ ನಿಮ್ಮ ಕಾರ್ಡು?"

"ಮಾಡಿಸಿಲ್ಲ. ನನಗೆ ಬೇಡ ಬಿಡಿ ಅಕ್ಕ. ಪುಕ್ಕಟೆ ಕೊಡೋದ್ರಲ್ಲಿ ಏನಿರುತ್ತೆ? ಕಾರ್ಡ್ ಹಿಡ್ಕೊಂಡು ಹೋದೋರನ್ನ ಮೂಲೇಲಿ ಕೂರಿಸ್ತಾರಂತೆ."

"ಆ ಅಂತೆ ಕಂತೆ ಎಲ್ಲ ಪಕ್ಕಕ್ಕಿಡಿ. ಕೂರಿಸಿದ್ರೆ ದೂರು ಕೊಡೋಕೆ ನಂಬರಿದೆ. ಇನ್ನು ಪುಕ್ಕಟೆ ಅಂತ ಯಾರು ಹೇಳಿದ್ದು? ನೀವು ಸೋಪು ಕೊಂಡ್ರೂ ತೆರಿಗೆ ಕಟ್ತೀರಿ. ಅದೂ ಇರಲಿ, ಏನೂ ಕಟ್ಟದ ಕೂಸಿಗೂ ಕಾಯಿಲೆ ಬಿದ್ರೆ ಚಿಕಿತ್ಸೆ ಸಿಗಬೇಕು. ಬದುಕೋ ಹಕ್ಕಿದೆ ಅಂದ ಮೇಲೆ ಚಿಕಿತ್ಸೆಯ ಹಕ್ಕೂ ಇದೆ. ಇದೇನು ದಾನ ಅಲ್ಲ."

ಇಸ್ತ್ರಿಯಣ್ಣ ತಲೆ ಅಲ್ಲಾಡಿಸಿದ. ಹೌದು ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ. ಆಮೇಲೆ ಮೇಜಿನ ಕಂಬಳಿಯ ಕೆಳಗಿನ ಮಡಿಕೆಗೆ ಕೈ ಹಾಕಿ ಒಂದು ಕಾಗದ ತೆಗೆದ. ವರ್ಷವಿಡೀ ಅದರ ಮೇಲೆ ಇಸ್ತ್ರಿ ಓಡಾಡಿ ಕಾಗದ ಹಪ್ಪಳದಂತೆ ಗರಿಗರಿಯಾಗಿತ್ತು. ಕಾರ್ಡಿನ ಅರ್ಜಿ ಅದು. 'ಕುಟುಂಬದ ಸದಸ್ಯರ ಹೆಸರು' ಅಂತ ಮೇಲೆ ಅಚ್ಚಾಗಿತ್ತು. ಕೆಳಗೆ ಆರು ಸಾಲು. ಆರೂ ಖಾಲಿ.

"ಹೋಗಿದ್ದೆ ಅಕ್ಕ, ಹೋದ ವರ್ಷ ನೀವು ಮೈಕಲ್ಲಿ ಕರೆದಾಗಲೇ. ಸಾಲಲ್ಲಿ ಮುಂದೆ ಗಂಡ ಹೆಂಡತಿ ನಾಲ್ಕು ಮಕ್ಕಳು, ಹಿಂದೆ ಅತ್ತೆ ಸೊಸೆ ಮೊಮ್ಮಕ್ಕಳು. ಕೌಂಟರಿನೋರು ಅರ್ಜಿ ಕೊಟ್ಟು, ಮನೆಯೋರನ್ನೆಲ್ಲ ಕರ್ಕೊಂಡ್ಬನ್ನಿ ಅಂದ್ರು. ಆಯ್ತು ಅಂದು ಬಂದುಬಿಟ್ಟೆ. ಕುಟುಂಬಕ್ಕೆ ಕೊಡೋ ಕಾರ್ಡು ಇದು. ನನಗೆಲ್ಲಿದೆ ಕುಟುಂಬ? ಈ ಆರು ಸಾಲಿಗೆ ಯಾರನ್ನ ಬರೀಲಿ, ಸತ್ತೋಳನ್ನ ಬರೀಲಾ?"

ಮೂಲೆಯಲ್ಲಿ ಕೂರಿಸುತ್ತಾರೆ ಅನ್ನುವುದೆಲ್ಲ ನೆಪ ಎಂದು ಆರೋಗ್ಯದಕ್ಕನಿಗೆ ಆಗ ಅರ್ಥವಾಯಿತು. ಅವರು ಕೋಟನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತರು.

"ತಪ್ಪು ನಂದೇ ಅಣ್ಣ. 'ಕುಟುಂಬ ಸಮೇತ ಬನ್ನಿ' ಅಂತ ಬೀದಿಬೀದೀಲಿ ಮೈಕ್ ಹಿಡ್ಕೊಂಡು ಕೂಗಿದ್ದು ನಾನು. ಒಬ್ರೇ ಇರೋರಿಗೆ ಅದು ಹೇಗೆ ಕೇಳಿಸುತ್ತೆ ಅಂತ ಈ ತಲೆಗೆ ಹೊಳೀಲೇ ಇಲ್ಲ. ನೋಡಿ, ಒಬ್ರಿದ್ರೂ ಅದು ಒಂದು ಕುಟುಂಬ. ಮೊದಲ ಸಾಲಲ್ಲಿ ನಿಮ್ಮ ಹೆಸರು. ಮಿಕ್ಕ ಐದಕ್ಕೆ ಗೆರೆ ಎಳೆದ್ರೆ ಮುಗೀತು."

"ಗೆರೆ ಎಳೆದ್ರೆ ಆಗುತ್ತಾ?"

"ಆಗುತ್ತೆ. ನಾಳೆ ಗುರುತಿನ ಚೀಟಿ, ಮನೆ ವಿಳಾಸದ ಕಾಗದ ತಗೊಂಡ್ಬನ್ನಿ. ಯಾರಾದ್ರೂ ನಡುವೆ ಬಂದು ಕೆಲಸ ಮಾಡಿಸಿಕೊಡ್ತೀನಿ ಅಂತ ದುಡ್ಡು ಕೇಳಿದ್ರೆ ಕೊಡಬೇಡಿ, ನನಗೆ ಹೇಳಿ."

ಮರುದಿನ ಕೌಂಟರಿನ ಗುಮಾಸ್ತ ತಲೆ ಎತ್ತದೆ ಕೇಳಿದ, "ಮನೇಲಿ ಎಷ್ಟು ಜನ?"

"ಒಬ್ಬ. ಒಬ್ಬನೇ."

ನಗುತ್ತಾರೇನೋ ಎಂದು ಇಸ್ತ್ರಿಯಣ್ಣ ಉಸಿರು ಹಿಡಿದು ನಿಂತ. ಯಾರೂ ನಗಲಿಲ್ಲ. "ಕುಟುಂಬದ ಯಜಮಾನರು ಯಾರು?" ಎಂದು ಗುಮಾಸ್ತ ಮುಂದಿನ ಪ್ರಶ್ನೆ ಓದಿದ.

"ಯಜಮಾನನೂ ನಾನೇ, ಆಳೂ ನಾನೇ ಸ್ವಾಮಿ."

ಆಗ ಗುಮಾಸ್ತ ನಕ್ಕ. ಇಸ್ತ್ರಿಯಣ್ಣನೂ ನಕ್ಕ. ಫೋಟೋ ಹಿಡಿದರು, ಬೆರಳೊತ್ತಿಸಿಕೊಂಡರು, ಕೆಲವೇ ದಿನದಲ್ಲಿ ಕಾರ್ಡು ಬಂತು. ಡಾಕ್ಟರು ಪರೀಕ್ಷೆ ಮಾಡಿ, ಹರ್ನಿಯಾ ಹೌದು, ತಡ ಮಾಡುವುದು ಬೇಡ ಎಂದು ಆಪರೇಷನ್ನಿಗೆ ದಿನ ಗೊತ್ತುಮಾಡಿದರು.

ಆ ದಿನ ಆಸ್ಪತ್ರೆಯಲ್ಲಿ ದಾಖಲು ಮಾಡಿಕೊಳ್ಳುವವರು ಕೇಳಿದರು, "ನಿಮ್ಮ ಕಡೆಯವರು ಯಾರು ಬಂದಿದ್ದಾರೆ?" ಆರೋಗ್ಯದಕ್ಕನಿಗೆ ಅವತ್ತು ಬೇರೆ ಕಡೆ ಲಸಿಕೆ ಕೆಲಸ. ಇಸ್ತ್ರಿಯಣ್ಣ ಆಚೆ ಈಚೆ ನೋಡಿದ. ಚೀಲ ಎತ್ತಿಕೊಂಡು ಬಾಗಿಲ ಕಡೆ ಹೆಜ್ಜೆ ಹಾಕಿಯೇಬಿಟ್ಟ. ವಿಮೆಯವರಿಗೆ ಸಹಾಯ ಮಾಡಲೆಂದು ಮೇಜಿನ ಬಳಿ ಕೂತಿದ್ದ ಹುಡುಗಿ ಎದ್ದು ಹಿಂದೆಯೇ ಬಂದಳು.

"ಎಲ್ಲಿಗೆ ಹೊರಟ್ರಿ?"

"ನನ್ನ ಕಡೆಯೋರು ಅಂತ ಯಾರೂ ಇಲ್ಲಮ್ಮ."

"ಇಲ್ಲದಿದ್ರೆ ಇಲ್ಲ ಅಂತ ಬರ್ಕೋತೀವಿ. ಅದಕ್ಕೋಸ್ಕರ ಯಾರನ್ನೂ ವಾಪಸ್ ಕಳಿಸೋ ಹಾಗಿಲ್ಲ. ಒಪ್ಪಿಗೆಗೆ ನಿಮ್ಮ ರುಜು ಸಾಕು. ಮೈ ನಿಮ್ಮದು ತಾನೇ? ಬನ್ನಿ ಒಳಗೆ."

ರುಜು ಹಾಕಿದ. ಆಪರೇಷನ್ ಸುಸೂತ್ರವಾಗಿ ಆಯಿತು. ಆದರೆ ಮರುದಿನ ಸಂಜೆ ನಾಲ್ಕಕ್ಕೆ ನೋಡಲು ಬರುವವರನ್ನು ಒಳಗೆ ಬಿಟ್ಟಾಗ ವಾರ್ಡೆಲ್ಲ ತುಂಬಿಹೋಯಿತು. ಮಂಚ ಮಂಚಕ್ಕೂ ಜನ, ಹಣ್ಣು, ಮಾತು, ಜಗಳ. ಇಸ್ತ್ರಿಯಣ್ಣ ಗೋಡೆ ಕಡೆ ತಿರುಗಿ ಮಲಗಿದ. ಪಕ್ಕದ ಮಂಚದವನನ್ನು ನೋಡಲು ಬಂದಿದ್ದ ಹೆಂಗಸು ಮೆಲ್ಲಗೆ ಕೇಳಿದಳು, "ಅಣ್ಣ, ಈ ಸ್ಟೂಲು ಖಾಲಿ ಇದೆಯಲ್ಲ, ನಮ್ಮತ್ತೆ ನಿಂತಿದ್ದಾರೆ, ತಗೊಳ್ಳಲಾ?"

"ತಗೊಂಡೋಗಿ," ಎಂದ. ಹೊಲಿಗೆಯ ನೋವನ್ನು ತಡೆದುಕೊಂಡಿದ್ದವನಿಗೆ ಆಗ ಅಳು ತಡೆಯಲಾಗಲಿಲ್ಲ.

ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿದಷ್ಟು ವಾರವೂ ಅವನು ಮನೆಯಲ್ಲೇ ಇದ್ದ. ಆರೋಗ್ಯದಕ್ಕ ಮಾತ್ರ ವಾರಕ್ಕೊಮ್ಮೆ ಬಂದು ಗಾಯ ನೋಡಿ, ಗದರಿಸಿ ಹೋಗುತ್ತಿದ್ದರು. ಬೀದಿಯವರು ಮುಚ್ಚಿದ ಅಂಗಡಿ ನೋಡಿ ಬೇರೆ ಕಡೆ ಬಟ್ಟೆ ಕೊಟ್ಟರು. ಅವನ ಮನೆ ಇದ್ದದ್ದು ಅದೇ ಬೀದಿಯ ಕೊನೆಯಲ್ಲಿ.

ಅಂಗಡಿ ತೆಗೆದ ದಿನ ಎದುರು ಮನೆಯಾಕೆ ದೊಡ್ಡ ಗಂಟು ತಂದು ಮೇಜಿನ ಮೇಲೆ ಧೊಪ್ಪನೆ ಹಾಕಿದಳು.

"ಎಲ್ಲಿ ಮಾಯ ಆಗಿದ್ರಣ್ಣ? ನಮ್ಮ ಪಾಡು ಕೇಳಬೇಡಿ, ಬಟ್ಟೆಗೆ ಪರದಾಡಿಬಿಟ್ವಿ!"

"ಆಸ್ಪತ್ರೇಲಿದ್ದೆ. ಹೊಟ್ಟೆ ಆಪರೇಷನ್ ಆಯ್ತು."

ಆಕೆ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ! ಒಂದು ಮಾತು ಹೇಳೋದಲ್ವಾ ಅಣ್ಣ?"

ಇಸ್ತ್ರಿಯಣ್ಣ ಗಂಟು ಬಿಚ್ಚುತ್ತಾ, ಸಿಟ್ಟಿಲ್ಲದೆ ಹೇಳಿದ, "ಒಂದು ಮಾತು ಕೇಳೋದಲ್ವಾ ತಂಗಿ?"

ಇದನ್ನು ಓದುತ್ತಿರುವವರೇ, ಗುಂಪಿನಲ್ಲಿ ಕೂತು ಕೇಳುತ್ತಿರುವವರೇ, ನೀವು ಒಬ್ಬರೇ ಇದ್ದರೂ ನಿಮ್ಮದು ಒಂದು ಕುಟುಂಬ. ಗುರುತಿನ ಚೀಟಿ ಹಿಡಿದು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ, ನಿಮಗೆ ಯಾವ ಯೋಜನೆ ಸಿಗುತ್ತದೆ, ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆ ಎಂದು ತಲೆ ಎತ್ತಿ ಕೇಳಿ. ನೋವನ್ನು ಬಟ್ಟೆ ಕಟ್ಟಿ ಮುಚ್ಚಿಡಬೇಡಿ. ಮನೆ ತುಂಬ ಜನರಿರುವವರೇ, ನಿಮ್ಮ ಬೀದಿಯಲ್ಲಿ ಒಬ್ಬರೇ ಇರುವವರು ಯಾರು ಎಂದು ಒಮ್ಮೆ ನೆನಪಿಸಿಕೊಳ್ಳಿ. ಆಪರೇಷನ್ನಿನ ಖರ್ಚನ್ನು ಸರ್ಕಾರ ನೋಡಿಕೊಳ್ಳಬಹುದು, ಮಂಚದ ಪಕ್ಕದ ಸ್ಟೂಲಿನಲ್ಲಿ ಬಂದು ಕೂರಬೇಕಾದವರು ನಾವು. ಇವತ್ತೇ ಹೋಗಿ ಅವರ ಬಾಗಿಲು ತಟ್ಟಿ.