ಛತ್ರಿ ಗಿಡದ ನೀರು

ಸತ್ತ ಮನೆಯಲ್ಲಿ ತುಂಬಿಟ್ಟ ನೀರು ಇರಬಾರದೆಂದು ಜಂಬಕ್ಕ ಇದ್ದ ಎರಡು ಕೊಡಗಳನ್ನೂ ಅಂಗಳಕ್ಕೆ ಚೆಲ್ಲಿ, ಬಚ್ಚಲ ಪಕ್ಕದ ಛತ್ರಿ ಗಿಡದ ಬಾನಿಗೂ ಕೈ ಹಾಕಿದಳು. ಬಾನಿ ಹಗುರಾಗಿ ಮೇಲೆದ್ದಿತು.

"ಅತ್ತಿಗಿ, ಇದ್ರಾಗ ಹನಿ ನೀರಿಲ್ಲಲ್ಲ! ನೀನು ದಿನಾ ಹಾಕ್ತಿ ಅಂತ ನಮ್ಮಣ್ಣ ಮೊನ್ನಿ ಫೋನಿನ್ಯಾಗೂ ಹೇಳಿದ್ದ."

ಗಂಡನ ಹೆಣದ ತಲೆದೆಸೆಯಲ್ಲಿ ಕೂತಿದ್ದ ಮಾಳಮ್ಮನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಮೂವತ್ತು ವರ್ಷ ಕೂಡ್ಲಿಗಿಯ ಓಣಿಗಳಿಗೆ ನೀರು ಬಿಟ್ಟ ನೀರುಗಂಟಿ ಉಚ್ಚಂಗೆಪ್ಪ, ಹಾಸಿಗೆ ಹಿಡಿದ ಹದಿನೈದು ದಿನವೂ ಬೆಳಗಾದರೆ ಕೇಳುತ್ತಿದ್ದುದು ಒಂದೇ ಮಾತು: "ಗಿಡಕ್ಕ ನೀರು ಹಾಕಿದ್ಯಾ?"

"ಹಾಕೀನ್ರಿ," ಎನ್ನುತ್ತಿದ್ದಳು ಇವಳು.

ಎಲ್ಲಿಂದ ಹಾಕಬೇಕಿತ್ತು? ನಳ ಬರುವುದೇ ಎಂಟು ದಿನಕ್ಕೊಮ್ಮೆ. ಬಂದ ನೀರು ಅವನು ಒದ್ದೆ ಮಾಡಿದ ಹಾಸಿಗೆ ಒಗೆಯುವುದಕ್ಕೇ ಸಾಲುತ್ತಿರಲಿಲ್ಲ. ಆದರೂ ಸಾಯುವ ಮನುಷ್ಯನಿಗೆ ದಿನಾ ಸುಳ್ಳು ಹೇಳಿ ಕಳಿಸಿದೆನಲ್ಲ ಎಂದುಕೊಂಡಳು.

* * *

ಹತ್ತು ವರ್ಷದ ಹಿಂದೆ ಪ್ರವಾಸಿ ಮಂದಿರದ ಮಾಲಿ ಆ ಗಿಡದ ಒಂದು ತಲೆಯನ್ನಷ್ಟೇ ಕತ್ತರಿಸಿ ಕೊಟ್ಟಿದ್ದ. ಎರಡು ಬೆರಳುದ್ದದ ದಂಟು, ತುದಿಗೆ ಛತ್ರಿಯ ಕಡ್ಡಿಗಳಂತೆ ಸುತ್ತಲೂ ಎಲೆ. ಉಚ್ಚಂಗೆಪ್ಪ ಎಲೆಗಳ ತುದಿಯನ್ನು ಕತ್ತರಿಯಿಂದ ಸವರಿ, ಚೊಂಬಿನ ನೀರಿನಲ್ಲಿ ತಲೆಕೆಳಗು ಮಾಡಿ ಇಟ್ಟ.

"ಜೇಕಿನ ಜಾತಿ ಇದು. ಹೊಲದಾಗ ಇದನ್ನ ಕಿತ್ತು ಕಿತ್ತು ನಮ್ಮ ಸೊಂಟ ಬಿದ್ದಾವು. ನೀವು ಮನ್ಯಾಗ ತಂದು ಸಾಕ್ರಿ," ಎಂದು ಮಾಳಮ್ಮ ಗೊಣಗಿದಳು. ಮನುಷ್ಯನಿಗೆ ಬುಡ ಯಾವುದು ತುದಿ ಯಾವುದು ಗೊತ್ತಿಲ್ಲ ಪಾಪ ಎಂದು ಅದನ್ನು ನೆಟ್ಟಗೆ ಮಾಡಿಟ್ಟಳು. ಅವನು ಸಂಜೆ ಬಂದು ಮತ್ತೆ ಕೆಳಮುಖ ಮಾಡಿದ. ಮರುದಿನ ಇವಳು, ಸಂಜೆ ಅವನು. ಮೂರು ದಿನ ಹೀಗೇ ನಡೆಯಿತು.

"ಏ ಮಾರಾಯ್ತಿ, ಇದಕ್ಕ ಬೇರು ಬರೋದ ತಲಿಯಿಂದ. ಅದು ಹಂಗ ಇರ್ಲಿ," ಎಂದು ಕೊನೆಗೆ ಕೈಮುಗಿದ.

ಎರಡು ವಾರಕ್ಕೆ ಬಿಳಿ ಬೇರು ಇಳಿದವು, ಹಸಿರು ಮೊಳಕೆ ಎದ್ದಿತು. ಅದನ್ನು ತೂತಿಲ್ಲದ ಬಾನಿಯ ಕೆಸರಿನಲ್ಲಿ ನೆಟ್ಟು, ಮೇಲೆ ನಾಲ್ಕು ಬೆರಳು ನೀರು ಯಾವಾಗಲೂ ನಿಂತಿರುವಂತೆ ನೋಡಿಕೊಂಡ. ಊರಿಗೆಲ್ಲ ಗಡಿಯಾರ ನೋಡಿ ನೀರು ಬಿಡುವವನು ಇದೊಂದಕ್ಕೆ ಮಾತ್ರ ಕೈ ಬಿಗಿ ಹಿಡಿಯಲಿಲ್ಲ.

* * *

ಉಚ್ಚಂಗೆಪ್ಪನ ಜೊತೆ ವಾಲ್ವ್ ತಿರುಗಿಸುತ್ತಿದ್ದ ಪಾಲಣ್ಣ ಬಂದು ಹಾರ ಹಾಕಿ, ಮಾಳಮ್ಮನ ಹತ್ತಿರ ಕುಕ್ಕರುಗಾಲಲ್ಲಿ ಕೂತ. ಜಂಬಕ್ಕ ಎಲ್ಲರಿಗೂ ತೋರಿಸುತ್ತಿದ್ದ ಬಾನಿಯನ್ನು ನೋಡಿ ದನಿ ತಗ್ಗಿಸಿದ.

"ಅಕ್ಕಾ, ಹೋದ ಸೋಮವಾರ ನಾ ಬಂದಾಗ ನೀನು ಹಾಸಿಗಿ ಒಗೀತಿದ್ದಿ. 'ಅಣ್ಣಾ, ಗಿಡ ಒಣಗೇತಲ್ಲ' ಅಂದೆ. 'ಬಾಗಲದಾಗಿಂದ ದಿನಾ ಕಾಣ್ತೈತಿ. ಸುಮ್ನಿರಲೇ, ಆಕಿಗೆ ಕೇಳಿಸೀತು' ಅಂದ."

"ಗೊತ್ತಿತ್ತಾ? ಮತ್ತ ದಿನಾ ಯಾಕ ಕೇಳ್ತಿದ್ರು?"

"ನಾನೂ ಅದನ್ನ ಕೇಳ್ದೆ. 'ಹಾಕೀನ್ರಿ ಅಂತ ಆಕಿ ಅಂದ್ರ ಚಲೋ ಅನಸ್ತೈತಿ' ಅಂದ."

ಬೆಳಗಿನಿಂದ ಕಲ್ಲಿನಂತೆ ಕೂತಿದ್ದ ಮಾಳಮ್ಮ ಆಗ ಬಾಯಿಬಿಟ್ಟು ಅತ್ತಳು.

ಗಂಡಸರು ಹೆಣ ಹೊತ್ತು ಮಣ್ಣಿಗೆ ಹೋದರು. ಹೆಂಗಸರು ನೆರೆಮನೆಯಿಂದ ನೀರು ತಂದು ಮನೆ ತೊಳೆದು, ಉಚ್ಚಂಗೆಪ್ಪ ಮಲಗಿದ್ದ ಜಾಗದಲ್ಲಿ ದೀಪ ಹಚ್ಚಿ, ಪಕ್ಕಕ್ಕೆ ಒಂದು ಚೊಂಬು ಹೊಸ ನೀರಿಟ್ಟರು. ಮಾಳಮ್ಮ ಎದ್ದು ಬಾನಿಯ ಹತ್ತಿರ ಹೋದಳು. ಒಣಗಿದ ದಂಟುಗಳನ್ನು ಒಂದೊಂದಾಗಿ ಸರಿಸಿದಳು. ನಟ್ಟನಡುವೆ ಒಂದೇ ಒಂದು ಇನ್ನೂ ಹಸಿರಾಗಿತ್ತು. ಅದರ ತಲೆ ಕತ್ತರಿಸಿ, ಎಲೆಯ ತುದಿ ಸವರಿ, ತಂದು ಚೊಂಬಿನಲ್ಲಿಟ್ಟಳು.

ಮಣ್ಣು ಮುಗಿಸಿ ದೀಪ ನೋಡಲು ಬಂದವರು ಬಾಗಿಲಲ್ಲಿ ಸಾಲುಗಟ್ಟಿ ನಿಂತರು.

"ಅಯ್ಯ, ಯಾರವ್ವ ಇದನ್ನ ತಲಿಕೆಳಗ ಇಟ್ಟಾರು?" ಎಂದು ಜಂಬಕ್ಕ ಅದನ್ನು ಎತ್ತಿ ನೆಟ್ಟಗೆ ಮಾಡಿದಳು.

ಮಾಳಮ್ಮ ಮುಂದಕ್ಕೆ ಬಗ್ಗಿ, ಮತ್ತೆ ಅದನ್ನು ನೀರಿಗೆ ತಲೆಕೆಳಗು ಮಾಡಿಟ್ಟಳು.