ಅತ್ತೆಯನ್ನು ಕರೆದ ಮಾತು

ಪುಟ್ಟಬಸಮ್ಮ ಬದುಕಿದ್ದಷ್ಟು ದಿನ ಒಂದು ಮಾತನ್ನೂ ನೆಟ್ಟಗೆ ಆಡಿದವರಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ, "ಏನ್ ಕೈರುಚಿ ಕಣಮ್ಮ ನಿಂದು! ಅರಮನೆಯೋರು ಬಂದು ಕರ್ಕೊಂಡೋಗ್ತಾರೆ" ಎನ್ನುವರು. ಎದ್ದು ಸ್ನಾನಕ್ಕೆ ಹೋಗಿ ಎಂದರೆ, "ಈಗ್ಲೇ ಹೊರಟೆ ಕಣಮ್ಮ, ನಿನ್ನ ಮಾತು ಮೀರಕ್ಕಾಗುತ್ತಾ?" ಎಂದು ಕಾಲು ನೀಡಿ ಕೂತು ಎಲೆ ಅಡಿಕೆ ತಟ್ಟೆ ಕೇಳುವರು. ಸೊಸೆ ಸುಷ್ಮಾ ಈ ಕೊಂಕನ್ನು ಆರು ವರ್ಷ ನುಂಗಿದಳು. ಅತ್ತೆ ತೀರಿಕೊಂಡಾಗ ಅವಳಿಗೆ ಅಳು ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ ಬಿಡಿ.

ಐದು ವರ್ಷದ ನಂತರ, ತೊಂಬತ್ತೊಂಬತ್ತರ ಮಹಾಲಯ ಅಮಾವಾಸ್ಯೆ. ಕುವೆಂಪುನಗರದ ಮನೆಯ ಒಳಕೋಣೆಯಲ್ಲಿ ಅತ್ತೆಯ ಫೋಟೊ ಮುಂದೆ ಹೋಳಿಗೆ, ಕಜ್ಜಾಯ, ಹೊಸ ಸೀರೆ ಇಟ್ಟು ಎಡೆಯಾಯಿತು. ಹಿರಿಯರು ಬಂದು ಉಣ್ಣಲೆಂದು ಕೋಣೆಯ ಬಾಗಿಲು ಹಾಕಿ ಎಲ್ಲರೂ ಹೊರಗೆ ನಿಲ್ಲುವುದು ವಾಡಿಕೆ. ಹಾಕುವ ಮೊದಲು ಸೊಸೆ ಕರೆಯಬೇಕು. ಬೆಳಗಿನಿಂದ ಒಲೆ ಮುಂದೆ ಬೆಂದ ಸುಷ್ಮಾಗೆ ರೇಗಿತ್ತು. ಗಂಡ ಮೃತ್ಯುಂಜಯನಿಗೆ ಕೇಳಿಸದಂತೆ, ಅತ್ತೆಯದೇ ಧಾಟಿಯಲ್ಲಿ, "ಬನ್ನಿ ಅತ್ತೆ, ಬನ್ನಿ. ನೀವಿಲ್ದೆ ಮನೆ ಬಿಕೋ ಅಂತಿದೆ. ಬಂದವರು ಇಲ್ಲೇ ಇದ್ಬುಡಿ" ಎಂದಳು. ಹೊಟ್ಟೆ ತಣ್ಣಗಾಯಿತು.

ಬಾಗಿಲು ತೆರೆದಾಗ ಎಡೆ ಇಟ್ಟಂತೆಯೇ ಇತ್ತು. ಸೀರೆಯ ಮಡಿಕೆ ಮಾತ್ರ ಬಿಚ್ಚಿಕೊಂಡಿತ್ತು. ಗಾಳಿಗಿರಬೇಕು ಎಂದ ಮೃತ್ಯುಂಜಯ. ಕಿಟಕಿ ಮುಚ್ಚಿತ್ತು.

ಊಟಕ್ಕೆ ಕೂತರು. ಮಗಳು ಅಕ್ಷತಾಗೆ ನಾಲ್ಕು ವರ್ಷ, ಅಜ್ಜಿಯನ್ನು ಫೋಟೊದಲ್ಲಿ ಮಾತ್ರ ಕಂಡವಳು. ಮಗು ಸಾರು ಚಪ್ಪರಿಸಿ, ತಾಯಿಯ ಮುಖವನ್ನೇ ನೋಡುತ್ತ, "ಏನ್ ಕೈರುಚಿ ಕಣಮ್ಮ ನಿಂದು! ಅರಮನೆಯೋರು ಬಂದು ಕರ್ಕೊಂಡೋಗ್ತಾರೆ" ಎಂದಿತು.

"ನೋಡೇ, ನಮ್ಮಮ್ಮನ ಥರಾನೇ!" ಎಂದು ಮೃತ್ಯುಂಜಯ ನಕ್ಕ.

ಸುಷ್ಮಾ ಸೌಟನ್ನು ಪಾತ್ರೆಗೇ ಬಿಟ್ಟಳು. ಅತ್ತೆ ಹೋದ ಮೇಲೆ ಆ ಮಾತನ್ನು ಆ ಮನೆಯಲ್ಲಿ ಯಾರೂ ಆಡಿರಲಿಲ್ಲ. ಕೊಂಕಿನಲ್ಲೇ ಪಳಗಿದ ಮುದುಕಿಗೆ ಸೊಸೆಯ ಕೊಂಕು ತಿಳಿಯದೇ ಹೋಯಿತೆ? ತಿಳಿದೇ ಬಂದಿದ್ದರೆ?

ಮಗುವನ್ನು ಎತ್ತಿಕೊಂಡು ಫೋಟೊ ಮುಂದೆ ಹೋಗಿ ಕೂತಳು. ಅತ್ತೆಯೊಂದಿಗೆ ಅವಳು ಮನಸ್ಸು ಬಿಚ್ಚಿ ಮಾತಾಡಿದ್ದು ಅದೇ ಮೊದಲು.

"ತಪ್ಪಾಯ್ತು ಅತ್ತೆ. ಸಿಟ್ಟಿಗೆ ಅಂದ್ಬುಟ್ಟೆ. ನಿಮ್ಮ ಕಾಲಿಗೆ ಬೀಳ್ತೀನಿ, ನನ್ನ ಮಗೂನ ಬಿಟ್ಟು ಹೊರಟೋಗಿ." ಹೆದರಿಕೆಗೆ ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು.

ತೊಡೆಯ ಮೇಲಿದ್ದ ಮಗು ಅವಳ ಕೆನ್ನೆ ಒರೆಸಿತು.

"ಈಗ್ಲೇ ಹೊರಟೆ ಕಣಮ್ಮ" ಎಂದಿತು. "ನಿನ್ನ ಮಾತು ಮೀರಕ್ಕಾಗುತ್ತಾ?"

ಆಮೇಲೆ ತೊಡೆಯಿಂದಿಳಿದು, ಗೋಡೆಗೊರಗಿ, ಪುಟ್ಟ ಕಾಲುಗಳನ್ನು ನೀಡಿ ಕೂತು, ಎಲೆ ಅಡಿಕೆ ತಟ್ಟೆ ಕೇಳಿತು.