ಚಾದರದ ಕೆಳಗಿನ ದ್ರಾಕ್ಷಿ

ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಒಂದು ಬಾರ್ ಇದೆ. ಆ ಬಾರಿಗೆ ಒಂದು ಸೊಲ್ಲಾಪುರದ ಚಾದರವೂ ಇದೆ. ಇಂಡಿಯಾದಿಂದ ಹಿರಿಯರು ಬರುತ್ತಾರೆಂದರೆ ನನ್ನ ಗಂಡ ಬಸಲಿಂಗಪ್ಪ ಮೊದಲು ಮಾಡುವ ಕೆಲಸ, ಬಾಟಲಿಗಳ ಮೇಲೆ ಆ ಚಾದರ ಹೊದಿಸಿ ಅದರ ಮೇಲೆ ಬಸವಣ್ಣನವರ ಫೋಟೊ ಇಡುವುದು. ಅಕ್ಕಪಕ್ಕ ಎರಡು ದೀಪದ ಸಮೆ ಹಚ್ಚಿಟ್ಟರೆ ಬಾರು ಹೋಗಿ ಮಂಟಪವಾಯಿತು. ಬಂದವರು ಕೈ ಮುಗಿಯುತ್ತಾರೆ. ಅಮೇರಿಕಾದ ಈ ರಾಕ್‌ವಿಲ್ಲಿನಲ್ಲಿ ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. ಯಾರ ಮನೆಯಲ್ಲಿ ಬಸವಣ್ಣನವರನ್ನು ಯಾವುದರ ಮೇಲೆ ಕೂರಿಸಿದ್ದಾರೆಂದು ನಮ್ಮ ಕಡೆಯವರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ವರ್ಷಾನುಗಟ್ಟಲೆ ಆ ಚಾದರ ಒಗೆದು ಮಡಿಚಿ ಕೊಟ್ಟವಳು ನಾನೇ.

ತೊಂಬತ್ತಾರನೇ ಇಸವಿಯಲ್ಲಿ ಬಾರಿನ ಎದುರುಗೋಡೆಗೆ ನನ್ನ ದ್ರಾಕ್ಷಿ ಬಂತು.

ಅದು ಮೊದಲು ಪಕ್ಕದ ಮನೆಯ ಲೂಚಿಯಾಳ ಕೆಲಸ. ಅವಳು ಇಟಲಿಯ ವೆರೋನಾ ಕಡೆಯವಳು, ವಯಸ್ಸಾದ ವಿಧವೆ. ಅವಳ ಊರಿನಲ್ಲಿ ಅಮರೋನೆ ಎಂಬ ಕೆಂಪು ವೈನ್ ಮಾಡುತ್ತಾರೆ. ಕೊಯ್ದ ದ್ರಾಕ್ಷಿಯನ್ನು ಹಾಗೇ ಹಿಂಡುವುದಿಲ್ಲ. ತಟ್ಟಿಗಳ ಮೇಲೆ ಒಂದೇ ಪದರ ಹರಡಿ, ಗಾಳಿಗೆ ಬಿಟ್ಟು, ಚಳಿಗಾಲದ ನಡುವಿನವರೆಗೆ ಒಣಗಿಸುತ್ತಾರೆ. ಹಣ್ಣು ಸುಕ್ಕುಗಟ್ಟಿ, ನೀರು ಹಾರಿ, ಸಿಹಿಯೆಲ್ಲ ಒಳಗೆ ಮಡುಗಟ್ಟುತ್ತದೆ. ಆಮೇಲೆ ಜಜ್ಜಿ, ಚಳಿಯಲ್ಲಿ ನಿಧಾನಕ್ಕೆ ಹುದುಗು ಬರಿಸುತ್ತಾರೆ. ಆ ಸಿಹಿ ಅಷ್ಟನ್ನೂ ಹುದುಗು ತಿಂದು ಮುಗಿಸಬೇಕು. ಉಳಿಯುವುದು ಕಪ್ಪಗಿನ, ದಪ್ಪಗಿನ, ಸ್ವಲ್ಪ ಕಹಿ ಹಿಡಿದ ವೈನ್. ಅದನ್ನು ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಸುಮ್ಮನೆ ಬಿಡಬೇಕು. ಅವಳ ಊರಿನ ದ್ರಾಕ್ಷಿ ಮೇರಿಲ್ಯಾಂಡಿನಲ್ಲಿ ಎಲ್ಲಿಂದ ಬರಬೇಕು? ಕ್ಯಾಲಿಫೋರ್ನಿಯಾದಿಂದ ಟ್ರಕ್ಕಿನಲ್ಲಿ ಬರುವ ಕಪ್ಪು ದ್ರಾಕ್ಷಿಯಲ್ಲೇ ಅವಳು ಸುಧಾರಿಸುತ್ತಿದ್ದಳು.

ಒಣಗಿಸುವ ಮಾತು ಕೇಳಿದ್ದೇ ನಾನು ನೆಟ್ಟಗಾದೆ. ನನ್ನ ತವರು ಬಿಜಾಪುರದ ಹತ್ತಿರದ ತಿಕೋಟಾ. ತಮ್ಮ ದಾನಪ್ಪ ಅಲ್ಲಿ ಒಣದ್ರಾಕ್ಷಿಯ ಶೆಡ್ ಹಾಕಿದ್ದಾನೆ. ಒಂದು ಬೇಸಿಗೆಗೆ ಊರಿಗೆ ಹೋದಾಗ ಶೆಡ್ಡಿಗಿಳಿದು ಕೈ ಹಾಕಿದರೆ, "ಅಕ್ಕಾ, ನೀ ಅಮೇರಿಕಾದಾಕಿ, ಕುಂತು ಚಾ ಕುಡಿ" ಎಂದು ಕುರ್ಚಿ ಹಾಕಿಸಿದ. ಆ ಕುರ್ಚಿಯ ಸಿಟ್ಟು ಇನ್ನೂ ನನ್ನ ಹೊಟ್ಟೆಯಲ್ಲಿದೆ. ಅದಕ್ಕೇ ಲೂಚಿಯಾಳ ಗ್ಯಾರೇಜಿಗೆ ಕರೆಯದಿದ್ದರೂ ಹೋದೆ.

ಹೋದ ಮೊದಲ ವರ್ಷವೇ ಬಿಜಾಪುರದ ಬುದ್ಧಿ ತೋರಿಸಿದೆ. ತಮ್ಮನ ಶೆಡ್ಡಿನಿಂದ ಒಂದು ಬಾಟಲಿ ಡಿಪ್ಪಿಂಗ್ ಆಯಿಲ್ ಸೂಟ್‌ಕೇಸಿನಲ್ಲಿ ಬಂದಿತ್ತು, ಉಪ್ಪಿನಕಾಯಿ ಡಬ್ಬಿಯ ಪಕ್ಕದಲ್ಲಿ. ಅದಕ್ಕೆ ಪೊಟ್ಯಾಶ್ ಬೆರೆಸಿ ನೀರು ಮಾಡಿ, ಅವಳು ಚರ್ಚಿಗೆ ಹೋದಾಗ ದ್ರಾಕ್ಷಿಗೆಲ್ಲ ಹೊಡೆದೆ. ನಮ್ಮಲ್ಲಿ ಹಾಗೆಯೇ. ಸಿಪ್ಪೆಯ ಮೇಣ ಬಿಟ್ಟು ಹಣ್ಣು ಬೇಗ ಒಣಗುತ್ತದೆ. ಇಲ್ಲೂ ಒಣಗಿತು. ದೀಪಾವಳಿಯ ಹೊತ್ತಿಗೆ ಗರಿಗರಿ! ಲೂಚಿಯಾ ಒಂದು ಕಾಳು ಬಾಯಿಗೆ ಹಾಕಿಕೊಂಡು ಅಲ್ಲೇ ಡಬ್ಬದ ಮೇಲೆ ಕೂತುಬಿಟ್ಟಳು. "ಗಂಗಾ, ಇದು ಕೇಕಿಗೆ ಹಾಕುವ ದ್ರಾಕ್ಷಿ" ಎಂದಳು. ವೈನಿಗೆ ಸಿಪ್ಪೆ ಹಾಗೇ ಇರಬೇಕು, ಒಣಗುವುದು ತಡವಾಗಬೇಕು, ಆ ತಡದಲ್ಲೇ ರುಚಿ ಹುಟ್ಟಬೇಕು ಎಂದು ಆಮೇಲೆ ಬಿಡಿಸಿ ಹೇಳಿದಳು. ಆ ವರ್ಷದ ದ್ರಾಕ್ಷಿಯೆಲ್ಲ ನಮ್ಮ ಮನೆಯ ಹುಗ್ಗಿಗೆ ಬಿತ್ತು. ಅವಳು ನನ್ನನ್ನು ಓಡಿಸಲಿಲ್ಲ, ಕುರ್ಚಿಯನ್ನೂ ಹಾಕಲಿಲ್ಲ.

ತೊಂಬತ್ತಾರರಲ್ಲಿ ಅವಳು ಮಗನ ಮನೆಗೆಂದು ಷಾರ್ಲಟ್‌ಗೆ ಹೊರಟಾಗ ತಟ್ಟಿಗಳನ್ನೂ ಪೀಪಾಯಿಯನ್ನೂ ನನಗೆ ಕೊಟ್ಟಳು. ಜನವರಿಯಲ್ಲಿ ಹಿಂಡುವುದಕ್ಕೆ ಬರುತ್ತೇನೆ, ಅಲ್ಲಿಯವರೆಗೆ ಒಣಗಿಸುವುದು ನಿನ್ನ ಪಾಲು ಎಂದಳು. ನಾನು ಲಿಂಗ ಕಟ್ಟಿಕೊಂಡವಳು, ಒಂದು ಹನಿ ಕುಡಿದವಳಲ್ಲ, ಕುಡಿಯುವವಳೂ ಅಲ್ಲ. ಆದರೆ ಮೊದಲಿನಿಂದ ಕೊನೆಯವರೆಗೆ ಇದು ನನ್ನ ಕೈಯದು ಎಂದು ಹೇಳುವಂಥದ್ದೊಂದು ನನಗೆ ಬೇಕಿತ್ತು. ಬಿಸಿಲಿದ್ದರೆ ಕಿಟಕಿ ತೆಗೆಯುವುದು, ಮಳೆ ಮಂಜಿದ್ದರೆ ಕಿಟಕಿ ಮುಚ್ಚಿ ಫ್ಯಾನ್ ಹಾಕುವುದು, ಗೊಂಚಲು ನೋಡಿ ಕೆಟ್ಟ ಕಾಳು ಕಿತ್ತೆಸೆಯುವುದು. ದಿನಾ ಇದೇ ಕೆಲಸ. ಖುಷಿಯಾಗಿದ್ದೆ.

ನವೆಂಬರಿನಲ್ಲಿ ಸುದ್ದಿ ಬಂತು. ನಮ್ಮ ಕಡೆಯ ಮಠದ ಸ್ವಾಮಿಗಳು, ನಮ್ಮ ಅಪ್ಪಾರು, ಅಮೇರಿಕಾಕ್ಕೆ ಬಂದಿದ್ದಾರೆ, ಅಟ್ಲಾಂಟಾ ಮುಗಿಸಿಕೊಂಡು ರಾಕ್‌ವಿಲ್ಲಿಗೆ ಬರುತ್ತಾರೆ, ಪಾದಪೂಜೆ ನಮ್ಮ ಬೇಸ್‌ಮೆಂಟಿನಲ್ಲಿ. ಏರ್ಪಾಟಿನ ಯಜಮಾನಿಕೆ ಅಟ್ಲಾಂಟಾ ಹತ್ತಿರದ ಸುವಾನಿ ಊರಿನ ಕರಬಸಪ್ಪನವರದು. ಮುಂಚಿತವಾಗಿ ಬಂದ ಅವರು ಮೆಟ್ಟಿಲಿಳಿದವರೇ ಮೂಗು ಅರಳಿಸಿದರು. ಇದೇ ಕರಬಸಪ್ಪನವರು ಹಿಂದಿನ ಜುಲೈನಲ್ಲಿ ಇದೇ ಬಾರಿನ ಸ್ಟೂಲಿನ ಮೇಲೆ ಕೂತು, ಸಿಂಗಲ್ ಮಾಲ್ಟ್ ಹೇಗೆ ಕುಡಿಯಬೇಕೆಂದು ನನ್ನ ಗಂಡನಿಗೆ ಪಾಠ ಹೇಳಿದ್ದರು.

"ಗಂಗವ್ವಾ, ಇದೇನಿದು?"

"ದ್ರಾಕ್ಷಿ ರೀ ಅಣ್ಣಾರ. ವೈನ್ ಮಾಡಾಕ ಒಣಗಿಸೇನಿ."

"ಲಿಂಗವಂತರ ಮನ್ಯಾಗ? ಅದೂ ಹೆಣ್ಮಗಳು?"

"ಈ ಬಾರ್ ಯಾರ ಮನ್ಯಾಗ ಐತ್ರಿ?"

"ಅದು ಬ್ಯಾರೆವಾ. ಅದು ಕೊಂಡು ತಂದದ್ದು. ಗೆಸ್ಟ್ ಬಂದ್ರ ಬೇಕಾಗ್ತೈತಿ. ಇದನ್ನ ನೀನ ಕೈಯಾರೆ ಮಾಡಾಕತ್ತೀಯಲ್ಲ!"

ಕೊಂಡರೆ ಮರ್ಯಾದೆ, ಮಾಡಿದರೆ ಪಾಪ. ಇಷ್ಟು ದೊಡ್ಡ ಧರ್ಮಸೂಕ್ಷ್ಮ ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಬಸಲಿಂಗಪ್ಪ ನಡುವೆ ಬಂದರು. ಕೆಟ್ಟವರಲ್ಲ, ಜನರಿಗೆ ಹೆದರುತ್ತಾರೆ ಅಷ್ಟೇ. "ಗ್ಯಾರೇಜಿನ್ಯಾಗ ಶಿಫ್ಟ್ ಮಾಡೂಣೇನು?" ಎಂದರು.

"ಹೊರಗ ಮಳಿ ಹಿಡದೈತ್ರಿ. ಗ್ಯಾರೇಜ್ ಎಲ್ಲಾ ಥಂಡಿ. ಬೂಷ್ಟ ಹಿಡೀತಾವ. ಎತ್ತಿದ್ರ ಕಾಳೂ ಉದರ್ತಾವ."

"ಹಂಗಾರ ಮ್ಯಾಲೊಂದು ಚಾದರ ಹಾಕೂಣು. ಕೇಳಿದವರಿಗೆ ಒಣದ್ರಾಕ್ಷಿ ಅಂತ ಹೇಳೂಣು. ನಿಮ್ಮ ತಮ್ಮಂದು ಅದ ಬಿಸಿನೆಸ್ ಅಲ್ಲ, ಎಲ್ಲಾರೂ ನಂಬ್ತಾರ."

"ಬಾಟ್ಲಿ ಮುಚ್ಚಿದ್ರ ಕೆಡೂದಿಲ್ರಿ. ದ್ರಾಕ್ಷಿ ಮುಚ್ಚಿದ್ರ ಕೊಳೀತಾವ. ಮುಚ್ಚಾಕ ಆಗೂದಿಲ್ಲ, ಸುಳ್ಳ ಹೇಳಾಕೂ ಆಗೂದಿಲ್ಲ."

"ಆತು ಬಿಡು," ಎಂದರು. ನಾನು ನಂಬಿದೆ.

ಪೂಜೆಯ ದಿನ ಬೆಳಗಿನಿಂದ ಮೇಲಿನ ಅಡುಗೆಮನೆಯಲ್ಲಿ ಹೋಳಿಗೆಯ ಮುಂದೆ ನಿಂತಿದ್ದೆ. ಜನ ಬರತೊಡಗಿದ್ದು, ಕೆಳಗಿಳಿದದ್ದು ಕೇಳಿಸುತ್ತಿತ್ತು. ಅಪ್ಪಾರೂ ಬಂದರು. ದಂಪತಿ ಕೂತು ಪಾದಕ್ಕೆ ನೀರು ಹಾಕಬೇಕಿತ್ತು, ಅಂದರೆ ನಾವಿಬ್ಬರು. ತಂಬಿಗೆ ಹಿಡಿದು ಇಳಿದೆ. ಅರ್ಧ ಮೆಟ್ಟಿಲಿನಲ್ಲೇ ನನಗೆ ಫ್ಯಾನಿನ ಸದ್ದು ಕೇಳಿಸಲಿಲ್ಲ.

ಕಿಟಕಿಗಳು ಮುಚ್ಚಿದ್ದವು. ಬಂದವರಿಗೆ ಬೆಚ್ಚಗಿರಲೆಂದು ಹೀಟ್ ಏರಿಸಿದ್ದರು. ಊದುಬತ್ತಿಯ ಹೊಗೆ, ಜನರ ಉಸಿರು. ನನ್ನ ತಟ್ಟಿಗಳ ಮೇಲೆ ಗೆಸ್ಟ್ ರೂಮಿನ ಚಾದರಗಳು, ಗಾಳಿ ನುಸುಳದಂತೆ ಸುತ್ತಲೂ ಪಿನ್ ಹಾಕಿದ್ದವು. ಕೆಳಗೆ ಕೈ ತೂರಿಸಿದೆ. ಗೊಂಚಲುಗಳು ಬೆವೆತಿದ್ದವು.

ಮೈಯೆಲ್ಲ ಉರಿದುಹೋಯಿತು. ತಂಬಿಗೆ ನೆಲಕ್ಕಿಟ್ಟು ಪಿನ್ನುಗಳನ್ನು ಕಿತ್ತೆ. ಚಾದರಗಳನ್ನು ಎಳೆದು ಹಾಕಿ ಕಿಟಕಿ ತೆಗೆದು ಫ್ಯಾನ್ ಹಾಕಿದೆ. ವಚನ ಹೇಳುತ್ತಿದ್ದವರು ನಿಲ್ಲಿಸಿದರು. ಕರಬಸಪ್ಪನವರ ಮುಖ ಕುಂಕುಮವಾಯಿತು.

ಅಪ್ಪಾರು ಕುರ್ಚಿಯಿಂದಲೇ ಕೇಳಿದರು, "ಏನವಾ ಅದು?"

"ಒಣದ್ರಾಕ್ಷಿ ರೀ ಅಪ್ಪಾರ, ನಮ್ಮ ತವರ ಕಡೆ," ಎಂದು ಬಸಲಿಂಗಪ್ಪ ಶುರು ಮಾಡಿದರು. ನನ್ನ ತವರು ಎನ್ನುವುದನ್ನೂ ಗಾಬರಿಯಲ್ಲಿ ತಮ್ಮದು ಮಾಡಿಕೊಂಡಿದ್ದರು.

"ಅಲ್ರಿ ಅಪ್ಪಾರ," ಎಂದೆ. "ವೈನ್ ಮಾಡಾಕ ಒಣಗಿಸೇನಿ."

"ನೀ ಕುಡೀತೀ ಏನವಾ?"

"ಇಲ್ರಿ."

"ಮತ್ತ ಯಾಕ ಮಾಡ್ತಿ?"

"ನನಗ ಮಾಡಾಕ ಬರ್ತೈತ್ರಿ, ಅದಕ್ಕ."

ಕರಬಸಪ್ಪನವರು ಎದ್ದೇಬಿಟ್ಟರು. "ಬಸವಣ್ಣನವರ ಎದುರಿಗೆ ನಿಂತು ಹಿಂಗ ಮಾತಾಡ್ತೀಯಲ್ಲ, ನಾಚಿಕಿ ಬರೂದಿಲ್ಲೇನು?"

ಅಷ್ಟು ಹೊತ್ತು ನನಗೆ ಬಾರಿನ ನೆನಪೇ ಇರಲಿಲ್ಲ. ನೆನಪು ಮಾಡಿಕೊಟ್ಟವರು ಅವರೇ. ನಾನು ಬಾರಿನ ಹತ್ತಿರ ಹೋದೆ. ಬಸವಣ್ಣನವರ ಫೋಟೊ ಎತ್ತಿ ಹಣೆಗೆ ಒತ್ತಿಕೊಂಡು ಮಗಳು ಅಮೂಲ್ಯಾಳ ಕೈಗೆ ಕೊಟ್ಟೆ. ಸಮೆಗಳನ್ನು ಪಕ್ಕಕ್ಕಿಟ್ಟೆ. ಆಮೇಲೆ ಸೊಲ್ಲಾಪುರದ ಚಾದರದ ತುದಿ ಹಿಡಿದು ಒಂದೇ ಸಲಕ್ಕೆ ಎಳೆದೆ. ಟ್ಯೂಬ್‌ಲೈಟಿಗೆ ಬಾಟಲಿಗಳೆಲ್ಲ ಥಳಥಳ ಹೊಳೆದವು. ಕರಬಸಪ್ಪನವರ ಸಿಂಗಲ್ ಮಾಲ್ಟ್ ಮುಂದಿನ ಸಾಲಿನಲ್ಲೇ ಇತ್ತು.

"ಬರತೈತ್ರಿ," ಎಂದೆ. "ಅವ್ರನ್ನ ಇಷ್ಟು ವರ್ಷ ಇದರ ಮ್ಯಾಲ ಕುಂಡ್ರಿಸಿದ್ದಕ್ಕ ನಾಚಿಕಿ ಬರತೈತಿ."

ಅಪ್ಪಾರು ಬಾಟಲಿಗಳನ್ನು ನೋಡಿದರು, ದ್ರಾಕ್ಷಿಯನ್ನು ನೋಡಿದರು, ತಮ್ಮ ಬರಿಗಾಲನ್ನು ನೋಡಿಕೊಂಡರು. "ಇಲ್ಲಿ ಗಾಳಿ ಭಾಳ ಐತಿ, ಮ್ಯಾಲ ಹೋಗೂಣ ನಡೀರಿ," ಎಂದು ಎದ್ದರು. ಎಲ್ಲರೂ ಹಿಂದೆ ಹೊರಟರು. ಬಸಲಿಂಗಪ್ಪ ನನ್ನ ಮುಖ ನೋಡದೆ ಮೆಟ್ಟಿಲು ಹತ್ತಿದರು. ನನ್ನ ತಂಬಿಗೆಯನ್ನು ಯಾರೋ ಎತ್ತಿಕೊಂಡು ಹೋದರು.

ನನ್ನ ಮನೆಯಲ್ಲಿ, ನನ್ನ ತಂಬಿಗೆಯಲ್ಲಿ, ಬೇರೆ ದಂಪತಿ ಪಾದಪೂಜೆ ಮಾಡಿದರು. ತಲೆಯ ಮೇಲೆ ವಚನ ಕೇಳಿಸುತ್ತಿತ್ತು. ಕೆಳಗೆ ನಾನು ಬೆವೆತ ಗೊಂಚಲುಗಳನ್ನು ಬಿಡಿಬಿಡಿಯಾಗಿ ಹರಡುತ್ತ ಅತ್ತೆ. ಪಶ್ಚಾತ್ತಾಪಕ್ಕಲ್ಲ, ಸಿಟ್ಟಿಗೆ. ಅವಮಾನವೂ ಆಗಿತ್ತು, ಇಲ್ಲವೆನ್ನುವುದಿಲ್ಲ. ಸ್ವಲ್ಪ ಹೊತ್ತಿಗೆ ಅಮೂಲ್ಯಾ ಪ್ರಸಾದದ ತಟ್ಟೆ ಹಿಡಿದು ಬಂದಳು.

"ಅಮ್ಮಾ, ಆಂಟೀಸ್ ಎಲ್ಲಾ ನೀ ಎಲ್ಲಿ ಅಂತ ಕೇಳ್ತಾರೆ. ಶೀ ಈಸ್ ಬಿಜಿ ಅಂತ ಹೇಳ್ದೆ," ಎಂದು ತಟ್ಟೆ ಕೆಳಗಿಟ್ಟು ಅಂಗಿಯ ತೋಳು ಮೇಲಕ್ಕೆ ಮಡಚಿದಳು. "ವಿಚ್ ಒನ್ಸ್ ಆರ್ ಬ್ಯಾಡ್?"

ಬಾಗಿಲ ಹತ್ತಿರದ ಒಂದು ತಟ್ಟಿ ಪೂರ್ತಿ ಹಾಳಾಯಿತು. ಉಳಿದವು ಬದುಕಿದವು. ಅಪ್ಪಾರು ಮುಂದಿನ ಊರಿಗೆ ಹೋದರು. ಬಸಲಿಂಗಪ್ಪ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ತನಕ ಮಾತು ಬಿಟ್ಟರು, ನಾನೂ ಬಿಟ್ಟೆ. ಒಂದು ಮಳೆಯ ಸಂಜೆ ನಾನು ಕೆಲಸದಿಂದ ತಡವಾಗಿ ಬಂದು, ಕೆಳಗೆ ಓಡಿದರೆ ಕಿಟಕಿ ಮುಚ್ಚಿತ್ತು, ಫ್ಯಾನ್ ತಿರುಗುತ್ತಿತ್ತು. ಹಾಕಿದ್ದು ಯಾರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಜನವರಿಯಲ್ಲಿ ಲೂಚಿಯಾ ಬಂದಳು. ಒಂದು ಕಾಳು ಬಾಯಿಗೆ ಹಾಕಿಕೊಂಡಳು. ಈ ಸಲ ಕೂರಲಿಲ್ಲ, ಕೆಲಸಕ್ಕೆ ಅಂಗಿಯ ತೋಳು ಮಡಚಿದಳು. ಜಜ್ಜಿದ ದ್ರಾಕ್ಷಿಯನ್ನು ದೊಡ್ಡ ತೊಟ್ಟಿಗೆ ಹಾಕಿದೆವು. ಆ ವಾರ ಚಳಿ ಜಾಸ್ತಿಯಾಗಿ ಹುದುಗು ಮಲಗುವ ಹಾಗಾಯಿತು. ತೊಟ್ಟಿಗೆ ಏನಾದರೂ ಬೆಚ್ಚಗಿನದು ಸುತ್ತು ಎಂದಳು ಲೂಚಿಯಾ. ಸೊಲ್ಲಾಪುರದ ಚಾದರ ತಂದು ಸುತ್ತಿದೆ. ಮರುದಿನ ಕಿವಿಯಿಟ್ಟು ಕೇಳಿದರೆ ಒಳಗೆ ಗುಳುಗುಳು ಶುರುವಾಗಿತ್ತು.

ಮುಂದಿನ ಬೇಸಿಗೆಯಲ್ಲಿ ಕರಬಸಪ್ಪನವರ ಫೋನ್ ಬಂತು. ಬಸಲಿಂಗಪ್ಪನವರ ಜೊತೆ ಅದೂ ಇದೂ ಮಾತಾಡಿ, ಕೊನೆಗೆ ಫೋನ್ ನನಗೆ ಕೊಡಲು ಹೇಳಿದರು.

"ಗಂಗವ್ವಾ, ನಿಂದು ಆ ದ್ರಾಕ್ಷಿದು... ಆತೇನು?"

"ಪೀಪಾಯಿನ್ಯಾಗ ಐತ್ರಿ ಅಣ್ಣಾರ. ಇನ್ನೂ ಒಂದೆರಡು ವರ್ಷ ಬೇಕು."

"ಆದಾಗ ಒಂದು ಬಾಟ್ಲಿ ನನಗ ಎತ್ತಿಡು. ಆದ್ರ ಯಾರಿಗೂ ಹೇಳಬ್ಯಾಡವಾ."

"ಬರ್ರಿ, ಇಲ್ಲೇ ಕುಂತು ಕುಡೀರಿ," ಎಂದೆ. "ಎಲ್ಲಾರ ಮುಂದ. ಚಾದರಕ್ಕ ದ್ರಾಕ್ಷಿ ಕಲಿ ಹತ್ತೈತ್ರಿ, ಇನ್ನ ಏನನ್ನೂ ಮುಚ್ಚಾಕ ಬರೂದಿಲ್ಲ."